ಎದುರಾಳಿಯ ಜಾಗದಲ್ಲಿ ಒಂದು ಗೋಡೆ

ಆಟ ಬಲು ಸರಳ. ಪರದೆಯ ಮೇಲ್ಭಾಗದಲ್ಲಿ ಬಣ್ಣದ ಇಟ್ಟಿಗೆಗಳ ಗೋಡೆ, ಕೆಳಗೆ ಅತ್ತಿತ್ತ ಸರಿಯುವ ಪುಟ್ಟ ದಾಂಡು, ನಡುವೆ ಪುಟಿಯುವ ಒಂದು ಚೆಂಡು. ಚೆಂಡು ತಗುಲಿದ ಇಟ್ಟಿಗೆ ಮಾಯವಾಗುತ್ತದೆ. ಚೆಂಡನ್ನು ಕೆಳಗೆ ಬೀಳಗೊಡದೆ ಗೋಡೆಯನ್ನು ಪೂರ್ತಿ ಕೆಡವಬೇಕು, ಅಷ್ಟೆ. ಚಿಕ್ಕ ಮಕ್ಕಳೂ ಒಂದೇ ನಿಮಿಷದಲ್ಲಿ ಕಲಿಯಬಹುದಾದ ಈ ಆಟದಲ್ಲಿ ಸ್ವಂತ ಸೃಷ್ಟಿ ಎನ್ನುವಂಥದ್ದು ಏನಾದರೂ ಇದೆಯೇ? ಅಮೆರಿಕದ ನ್ಯಾಯಾಲಯವೊಂದು ಎರಡು ಬಾರಿ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ಆಟದ ಹೆಸರು 'ಬ್ರೇಕ್‌ಔಟ್'. ಇದನ್ನು 1976ರಲ್ಲಿ ಹೊರತಂದದ್ದು ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿ. ಆದರೆ ಇದರ ಬೇರು ಇರುವುದು ಅದೇ ಕಂಪನಿಯ ಇನ್ನೊಂದು ಆಟ 'ಪಾಂಗ್'ನಲ್ಲಿ. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ನೋಲನ್ ಬುಶ್‌ನೆಲ್ 1972ರಲ್ಲಿ ಆಲನ್ ಆಲ್ಕಾರ್ನ್ ಎಂಬ ಹೊಸ ಎಂಜಿನಿಯರ್‌ಗೆ ಕೈ ಪಳಗಲೆಂದು ಕೊಟ್ಟ ಕೆಲಸವೇ ಪಾಂಗ್ ಆಯಿತು. ಪರದೆಯ ಎಡಬಲಗಳಲ್ಲಿ ಒಂದೊಂದು ದಾಂಡು, ಇಬ್ಬರು ಆಟಗಾರರು, ಒಂದು ಚೆಂಡು. ಸನಿವೇಲ್ ಊರಿನ ಮದ್ಯದಂಗಡಿಯೊಂದರಲ್ಲಿ ಪರೀಕ್ಷೆಗೆಂದು ಇಟ್ಟ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಿತು. ಆಲ್ಕಾರ್ನ್ ಹೋಗಿ ನೋಡಿದರೆ, ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು!

ಹಾಗೆಂದು ಪಾಂಗ್ ಕೂಡ ಪೂರ್ತಿ ಹೊಸದಾಗಿರಲಿಲ್ಲ. ರಾಲ್ಫ್ ಬೇರ್ ಎಂಬ ಎಂಜಿನಿಯರ್ ರೂಪಿಸಿ, ಮ್ಯಾಗ್ನವಾಕ್ಸ್ ಕಂಪನಿ ಮಾರುತ್ತಿದ್ದ 'ಒಡಿಸ್ಸಿ' ಯಂತ್ರದಲ್ಲಿ ಇಂಥದೇ ಟೇಬಲ್ ಟೆನಿಸ್ ಇತ್ತು. ಅದರ ಪ್ರದರ್ಶನವನ್ನು ಬುಶ್‌ನೆಲ್ ಕಂಡಿದ್ದರು. ಮ್ಯಾಗ್ನವಾಕ್ಸ್ ಮೊಕದ್ದಮೆ ಹೂಡಿತು. 1976ರಲ್ಲಿ ರಾಜಿಯಾಗಿ, ಅಟಾರಿ ಹಣ ತೆತ್ತು ಪರವಾನಗಿ ಪಡೆಯಿತು.

ಅದೇ ವರ್ಷ ಹೊರಬಂದ ಬ್ರೇಕ್‌ಔಟ್‌ನ ಹಿಂದೆ ಇದ್ದದ್ದು ಒಂದು ಸಣ್ಣ ಯೋಚನೆ. ಪಾಂಗ್ ಆಡಲು ಇಬ್ಬರು ಬೇಕು, ಒಬ್ಬನೇ ಇದ್ದರೆ? ಜತೆಗಾರರಿಲ್ಲದ ಹುಡುಗ ಮನೆಯ ಗೋಡೆಗೆ ಚೆಂಡು ಹೊಡೆದು ಆಡುವುದಿಲ್ಲವೇ? ಬುಶ್‌ನೆಲ್ ಮತ್ತು ಸಹೋದ್ಯೋಗಿ ಸ್ಟೀವ್ ಬ್ರಿಸ್ಟೊ ಎದುರಾಳಿಯನ್ನು ತೆಗೆದು ಆ ಜಾಗದಲ್ಲಿ ಗೋಡೆ ನಿಲ್ಲಿಸಿದರು. ಅಡ್ಡಡ್ಡ ಓಡುತ್ತಿದ್ದ ಚೆಂಡು ಮೇಲೆ ಕೆಳಗೆ ಓಡತೊಡಗಿತು. ಗೋಡೆಯಲ್ಲಿ ಎಂಟು ಸಾಲು, ಸಾಲಿಗೆ 14 ಇಟ್ಟಿಗೆ. ಕೆಳಗಿನ ಹಳದಿ ಇಟ್ಟಿಗೆಗೆ ಒಂದು ಅಂಕ, ಹಸಿರಿಗೆ 3, ಕಿತ್ತಳೆಗೆ 5, ಮೇಲಿನ ಕೆಂಪಿಗೆ 7. ಒಂದು ಗೋಡೆ ಪೂರ್ತಿ ಕೆಡವಿದರೆ 448 ಅಂಕ. ವಿಶೇಷವೆಂದರೆ ಪರದೆ ಕಪ್ಪು ಬಿಳುಪಿನದೇ. ಅದರ ಮೇಲೆ ಬಣ್ಣದ ಹಾಳೆಯ ಪಟ್ಟಿಗಳನ್ನು ಅಂಟಿಸಲಾಗಿತ್ತು. ಆಟ ಸಾಗಿದಂತೆ ಚೆಂಡಿನ ವೇಗ ಏರುತ್ತದೆ. ಗೋಡೆಯನ್ನು ಭೇದಿಸಿ ಚೆಂಡು ಮೇಲಿನ ಅಂಚಿಗೆ ತಾಗಿದೊಡನೆ ದಾಂಡು ಅರ್ಧಕ್ಕೆ ಕುಗ್ಗುತ್ತದೆ. ಗೆಲುವು ಹತ್ತಿರವಾದಂತೆ ಆಟ ಕಠಿಣವಾಗುತ್ತದೆ.

ಈ ಆಟದ ಮೊದಲ ಮಾದರಿಯ ಕೆಲಸ ಬಿದ್ದದ್ದು ಅಟಾರಿಯಲ್ಲಿದ್ದ ಸ್ಟೀವ್ ಜಾಬ್ಸ್ ಎಂಬ ತರುಣನ ಪಾಲಿಗೆ. ಅವರು ಅದನ್ನು ಗೆಳೆಯ ಸ್ಟೀವ್ ವೋಜ್ನಿಯಾಕ್ ಕೈಗಿತ್ತರು. ಹಗಲು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಕೆಲಸ, ರಾತ್ರಿ ಇದು. ನಾಲ್ಕು ದಿನ ನಿದ್ದೆಗೆಟ್ಟು, 50ಕ್ಕಿಂತ ಕಡಿಮೆ ಚಿಪ್‌ಗಳಲ್ಲಿ ಅವರು ಮಾದರಿ ಮುಗಿಸಿದರು. ಅದು ಎಷ್ಟು ಬಿಗಿಯಾಗಿತ್ತೆಂದರೆ, ಅಟಾರಿ ಅದನ್ನು ಹಾಗೆಯೇ ತಯಾರಿಕೆಗೆ ಒಗ್ಗಿಸಲಾಗದೆ ಬೇರೆ ವಿನ್ಯಾಸ ಮಾಡಿಸಿತು. ತನಗೆ ಸಿಕ್ಕಿದ್ದು 350 ಡಾಲರ್, ಚಿಪ್ ಉಳಿಸಿದ್ದಕ್ಕೆ ದೊಡ್ಡ ಬಹುಮಾನವಿದ್ದದ್ದು ಎಷ್ಟೋ ಕಾಲದ ನಂತರ ತಿಳಿಯಿತು ಎಂದು ವೋಜ್ನಿಯಾಕ್ ಹೇಳಿದ್ದಾರೆ. ಜಾಬ್ಸ್ ಇದನ್ನು ಒಪ್ಪಿರಲಿಲ್ಲ. ಆದರೆ ಶ್ರಮ ವ್ಯರ್ಥವಾಗಲಿಲ್ಲ. 1977ರಲ್ಲಿ ಹೊರಬಂದ ಆ್ಯಪಲ್-2 ಕಂಪ್ಯೂಟರಿಗೆ ಬಣ್ಣ, ಧ್ವನಿ ಮತ್ತು ಆಟದ ಗುಂಡಿಯನ್ನು ವೋಜ್ನಿಯಾಕ್ ಅಳವಡಿಸಿದ್ದರ ಹಿಂದೆ, ಅದರಲ್ಲಿ ಬ್ರೇಕ್‌ಔಟ್ ಆಡಬೇಕೆಂಬ ಆಸೆಯೂ ಇತ್ತು.

ನ್ಯಾಯಾಲಯದ ಪ್ರಸಂಗ ನಡೆದದ್ದು ಸುಮಾರು ಹತ್ತು ವರ್ಷಗಳ ನಂತರ. ಅಟಾರಿಯ ಆರ್ಕೇಡ್ ವಿಭಾಗದ ವಾರಸುದಾರನಾದ ಅಟಾರಿ ಗೇಮ್ಸ್ ಕಂಪನಿ, ಆಟದ ದೃಶ್ಯಗಳನ್ನು ಕೃತಿಸ್ವಾಮ್ಯದಡಿ ನೋಂದಾಯಿಸಲು ಅರ್ಜಿ ಹಾಕಿತು. ಇವು ಬರೀ ಸರಳ ರೇಖಾಕೃತಿಗಳು ಮತ್ತು ಬಣ್ಣಗಳು, ಸೃಜನಶೀಲತೆ ಸಾಲದು ಎಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿ ನಿರಾಕರಿಸಿತು. ವಿವಾದ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ ಹೆಸರಾದ ರೂತ್ ಬೇಡರ್ ಗಿನ್ಸ್‌ಬರ್ಗ್ ಆಗ ಅಲ್ಲಿದ್ದರು. 1989ರಲ್ಲಿ ನ್ಯಾಯಾಲಯ ಪ್ರಕರಣವನ್ನು ಮರುಪರಿಶೀಲನೆಗೆ ಕಳಿಸಿತು. ಕಚೇರಿ ಮತ್ತೆ ನಿರಾಕರಿಸಿತು. 1992ರ ತೀರ್ಪಿನಲ್ಲಿ ಗಿನ್ಸ್‌ಬರ್ಗ್ ಆ ನಿರಾಕರಣೆ ಸಮಂಜಸವಲ್ಲ ಎಂದರು. ಬಿಡಿ ಬಿಡಿ ಚೌಕಗಳನ್ನಲ್ಲ, ಆಡುವಾಗ ಮೂಡುವ ದೃಶ್ಯಗಳ ಒಟ್ಟು ಸರಣಿಯನ್ನು ನೋಡಬೇಕು; ಕಾನೂನು ಕೇಳುವ ಸೃಜನಶೀಲತೆಯ ಪ್ರಮಾಣ ತೀರ ಅಲ್ಪ ಎಂಬುದು ತೀರ್ಪಿನ ತಿರುಳು.

ಅಷ್ಟರಲ್ಲಾಗಲೇ ಬೇರೆಯವರು ಈ ಸೂತ್ರವನ್ನು ಮುಂದಕ್ಕೆ ಒಯ್ದಿದ್ದರು. ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಬ್ರೇಕ್‌ಔಟ್‌ನಿಂದ ಸ್ಫೂರ್ತಿ ಪಡೆದು, ಸುಮ್ಮನೆ ನಿಂತ ಗೋಡೆಯ ಬದಲು ತಿರುಗಿ ಗುಂಡು ಹಾರಿಸುವ ಪ್ರಾಣಿಗಳ ಸಾಲನ್ನು ತಂದರು. ಅದೇ 1978ರ 'ಸ್ಪೇಸ್ ಇನ್ವೇಡರ್ಸ್'. ಅದೇ ಕಂಪನಿ 1986ರಲ್ಲಿ 'ಅರ್ಕನಾಯ್ಡ್' ಮೂಲಕ ಇಟ್ಟಿಗೆಗೇ ಮರಳಿತು. ಒಡೆದ ಕೆಲವು ಇಟ್ಟಿಗೆಗಳಿಂದ ಗುಳಿಗೆಗಳು ಉದುರುತ್ತವೆ. ಹಿಡಿದರೆ ದಾಂಡು ಉದ್ದವಾಗುತ್ತದೆ, ಚೆಂಡು ಮೂರಾಗುತ್ತದೆ. ಮುಂದೆ ಮೊಬೈಲ್ ಫೋನುಗಳಿಗೂ ಈ ಗೋಡೆ ಬಂತು.

ಕೊನೆಗೆ ಯಂತ್ರವೇ ಇದನ್ನು ಆಡಿತು. 2013ರಲ್ಲಿ ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆ ತನ್ನ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗೆ ಕೊಟ್ಟ ಆಟಗಳಲ್ಲಿ ಬ್ರೇಕ್‌ಔಟ್ ಒಂದು. ನಿಯಮ ಹೇಳಿಕೊಡಲಿಲ್ಲ, ಪರದೆಯ ಚುಕ್ಕೆಗಳು ಮತ್ತು ಅಂಕ ಮಾತ್ರ ಅದರ ಮುಂದಿದ್ದವು. ನೂರಾರು ಬಾರಿ ಆಡಿ ಅದು ತಾನಾಗಿ ಒಂದು ಉಪಾಯ ಕಂಡುಕೊಂಡಿತು: ಗೋಡೆಯ ಒಂದು ಮೂಲೆಯಲ್ಲಿ ಸುರಂಗ ಕೊರೆದು ಚೆಂಡನ್ನು ಹಿಂಬದಿಗೆ ಕಳಿಸುವುದು. ಆಮೇಲೆ ಚೆಂಡೇ ಮೇಲಿನಿಂದ ಗೋಡೆ ಕೆಡವುತ್ತದೆ. ಹಳೆಯ ಆಟಗಾರರಿಗೆ ಈ ಉಪಾಯ ಎಂದೋ ಗೊತ್ತಿತ್ತು.

ಪಾಂಗ್‌ನಲ್ಲಿ ಸುರಂಗ ಕೊರೆಯಲು ಜಾಗವೇ ಇರಲಿಲ್ಲ. ಅಲ್ಲಿದ್ದ ದಾಂಡು ಮತ್ತು ಚೆಂಡನ್ನೇ ಇಟ್ಟುಕೊಂಡು, ಒಬ್ಬ ಆಟಗಾರನನ್ನು ತೆಗೆದು ಗೋಡೆ ಕಟ್ಟಿದಾಗ ಮಾತ್ರ ಅದು ಸಾಧ್ಯವಾಯಿತು. ಕೃತಿಸ್ವಾಮ್ಯ ಕಚೇರಿಯ ಕಣ್ಣಿಗೆ ಬೀಳದ ಹೊಸತನ ಇದ್ದದ್ದು ಅಲ್ಲಿಯೇ.