ಲ್ಯಾಪ್‌ಟಾಪೋ, ಸಿಸ್ಟಮ್ಮೋ? ನಾಲ್ಕು ತಾಲೂಕುಗಳ ಫೋಟೋ ಎಡಿಟಿಂಗ್ ನಡೆದುಬಂದ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲೂಕುಗಳಲ್ಲಿ ಕ್ಯಾಮೆರಾಕ್ಕೆ ಬಿಡುವು ಕಡಿಮೆ. ಲಗ್ನ, ಕುಬಸ, ತೊಟ್ಟಿಲು, ಸಾಮೂಹಿಕ ವಿವಾಹಗಳಂತೂ ಇದ್ದೇ ಇವೆ. ಅವುಗಳ ಜೊತೆಗೆ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ರಾಮದುರ್ಗದ ಕಡೆ ಗೊಡಚಿ ವೀರಭದ್ರನ ಜಾತ್ರೆ. ಹೊಸದಾಗಿ ಈ ಕಸುಬಿಗೆ ಇಳಿಯುವವರಿಗೆ ಕ್ಯಾಮೆರಾ ಕೊಂಡ ಮರುದಿನವೇ ಎದುರಾಗುವ ಪ್ರಶ್ನೆ ಒಂದೇ: ಎಡಿಟಿಂಗ್‌ಗೆ ಲ್ಯಾಪ್‌ಟಾಪ್ ತಗೊಳ್ಳುವುದೋ, ಸಿಸ್ಟಮ್, ಅಂದರೆ ಡೆಸ್ಕ್‌ಟಾಪ್, ಕೂಡಿಸುವುದೋ?

ಅಂಗಡಿಯವರು ಇದಕ್ಕೆ ವೇಗದ ಲೆಕ್ಕದಲ್ಲಿ ಉತ್ತರ ಕೊಡುತ್ತಾರೆ. ಕಸುಬಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಫೋಟೋ ತಿದ್ದುವ ಸಾಧನ ಬದಲಾದಾಗಲೆಲ್ಲ, ಕೆಲಸ ಎಲ್ಲೋ ಒಂದು ಕಡೆ ತಡೆದು ನಿಂತಿತ್ತು. ಆ ತಡೆಯನ್ನು ಬಿಡಿಸಿದ ಸಾಧನವೇ ಉಳಿದುಕೊಂಡಿತು.

ಪೆನ್ಸಿಲ್, ಕುಂಚ, ಕೆಂಪು ದೀಪ

ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ ಫೋಟೋ ತಿದ್ದುವುದಿತ್ತು. ಕಪ್ಪು-ಬಿಳುಪು ಕಾಲದ ಸ್ಟುಡಿಯೋದಲ್ಲಿ ನೆಗೆಟಿವ್‌ನ ಹಿಂದಿನಿಂದ ಬೆಳಕು ಬಿಟ್ಟು, ಚೂಪು ಪೆನ್ಸಿಲ್‌ನಿಂದ ಮುಖದ ಕಲೆ, ಸುಕ್ಕುಗಳನ್ನು ತುಂಬುತ್ತಿದ್ದರು. ಪ್ರಿಂಟ್ ಮೇಲೆ ಉಳಿದ ಬಿಳಿ ಚುಕ್ಕೆಗಳಿಗೆ ಸಣ್ಣ ಕುಂಚ. ಗಿರಾಕಿ ಹೆಚ್ಚು ದುಡ್ಡು ಕೊಟ್ಟರೆ ಸೀರೆಗೆ, ತುಟಿಗೆ ಕೈಯಿಂದಲೇ ಬಣ್ಣ. ಡಾರ್ಕ್ ರೂಮಿನಲ್ಲಿ ಎನ್‌ಲಾರ್ಜರ್‌ನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮುಖವನ್ನು ತಿಳಿಗೊಳಿಸುತ್ತಿದ್ದ ಉಪಾಯವೇ ಇಂದಿನ ಫೋಟೋಶಾಪ್‌ನಲ್ಲಿ ‘ಡಾಜ್’ ಎಂಬ ಉಪಕರಣವಾಗಿ ಕೂತಿದೆ.

ಕಲರ್ ರೋಲ್ ಬಂದ ಮೇಲೆ ಈ ಕೈಗೆಲಸ ಊರು ಬಿಟ್ಟಿತು. ಬಣ್ಣದ ಪ್ರೊಸೆಸಿಂಗ್‌ಗೆ ಬೇಕಾದ ರಾಸಾಯನಿಕ, ಉಷ್ಣತೆಯ ಬಿಗಿ, ದುಬಾರಿ ಯಂತ್ರಗಳು ಸಣ್ಣ ಸ್ಟುಡಿಯೋಗೆ ಎಟುಕುವಂಥವಲ್ಲ. 36 ಫೋಟೋಗಳ ರೋಲ್ ಬಸ್ಸು ಹತ್ತಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುತ್ತಿತ್ತು. ಅಲ್ಲಿಯ ಕಲರ್ ಲ್ಯಾಬ್ ಕೊಟ್ಟ ಬಣ್ಣವೇ ಬಣ್ಣ. ಫೋಟೋಗ್ರಾಫರನ ಕೈಯಲ್ಲಿ ಉಳಿದದ್ದು ತೆಗೆಯುವುದು ಮಾತ್ರ.

ಸಿಸ್ಟಮ್ ಬಂದ ಕಾಲ

ಥಾಮಸ್ ನೋಲ್, ಜಾನ್ ನೋಲ್ ಸೋದರರು ರೂಪಿಸಿದ ಫೋಟೋಶಾಪ್ ಅನ್ನು ಅಡೋಬಿ ಕಂಪನಿ ಬಿಡುಗಡೆ ಮಾಡಿದ್ದು 1990ರ ಫೆಬ್ರವರಿಯಲ್ಲಿ, ಅದೂ ಆಪಲ್ ಮ್ಯಾಕಿಂಟಾಷ್‌ಗೆ ಮಾತ್ರ. ವಿಂಡೋಸ್‌ಗೆ ಬಂದದ್ದು 1993ರಲ್ಲಿ. ಒಂದರ ಮೇಲೊಂದು ಚಿತ್ರವಿಟ್ಟು ಬೇರೆಬೇರೆಯಾಗಿ ತಿದ್ದಲು ಬರುವ ‘ಲೇಯರ್’ ಸೇರಿದ್ದು 1994ರಲ್ಲಿ. ಲಗ್ನದ ಆಲ್ಬಮ್ ಡಿಸೈನಿಂಗ್ ಎಂಬ ಕಸುಬು ನಿಂತಿರುವುದೇ ಈ ಲೇಯರ್ ಮೇಲೆ.

ನಮ್ಮ ಸಣ್ಣ ಊರುಗಳಿಗೆ ಇದು ತಲುಪುವ ಹೊತ್ತಿಗೆ ಹೊಸ ಶತಮಾನ ಹುಟ್ಟಿತ್ತು. ಮೊದಲು ಸ್ಕ್ಯಾನರ್, ಆಮೇಲೆ ಡಿಜಿಟಲ್ ಕ್ಯಾಮೆರಾ. 2003ರ ಕ್ಯಾನನ್ 300ಡಿ, 2004ರ ನಿಕಾನ್ ಡಿ70 ಆರು ಮೆಗಾಪಿಕ್ಸೆಲ್‌ನ ಎಸ್‌ಎಲ್‌ಆರ್ ಅನ್ನು ಸಾಮಾನ್ಯ ಫೋಟೋಗ್ರಾಫರನ ಅಳವಿಗೆ ತಂದವು. 2002ರಲ್ಲಿ ಬಂದ ಫೋಟೋಶಾಪ್ 7 ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ತಳವೂರಿತು. ವಧು-ವರರ ಹೆಸರನ್ನು ಕನ್ನಡದಲ್ಲಿ ಕೂಡಿಸಲು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಜೊತೆಗಿತ್ತು.

ಆಗ ಲ್ಯಾಪ್‌ಟಾಪ್ ಎಂಬುದು ಆಫೀಸಿನ ಸಾಹೇಬರ ವಸ್ತು. ಅದೇ ದುಡ್ಡಿಗೆ ಹೆಚ್ಚು ರ‍್ಯಾಮ್, ದೊಡ್ಡ ಹಾರ್ಡ್ ಡಿಸ್ಕ್ ಇರುವ ಸಿಸ್ಟಮ್ ಸಿಗುತ್ತಿತ್ತು. ಲ್ಯಾಪ್‌ಟಾಪ್‌ನ ಪರದೆಯೂ ಕುತ್ತಿಗೆ ಸ್ವಲ್ಪ ಓರೆ ಮಾಡಿದರೆ ಬೇರೆ ಬಣ್ಣ ತೋರಿಸುತ್ತಿತ್ತು; ಗಾಜಿನ ದಪ್ಪ ಸಿಆರ್‌ಟಿ ಮಾನಿಟರ್‌ಗೆ ಆ ದೋಷವಿರಲಿಲ್ಲ. ಹೀಗಾಗಿ ಮೊದಲ ಸುತ್ತಿನಲ್ಲಿ ಡೆಸ್ಕ್‌ಟಾಪ್‌ಗೆ ಎದುರಾಳಿಯೇ ಇರಲಿಲ್ಲ.

ಒಂದು ಶೀಟಿನ ಲೆಕ್ಕ

ಆಲ್ಬಮ್‌ನ ಒಂದು ಶೀಟನ್ನು ಹತ್ತಿರದಿಂದ ನೋಡೋಣ. ಬಿಡಿಸಿಟ್ಟಾಗ 12 ಇಂಚು ಎತ್ತರ, 36 ಇಂಚು ಅಗಲ. ಇಂಚಿಗೆ 300 ಚುಕ್ಕೆಯಂತೆ 3,600ಕ್ಕೆ 10,800, ಗುಣಿಸಿದರೆ ಸುಮಾರು 3.89 ಕೋಟಿ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಯೆಂದು ಮೂರು ಬೈಟ್. ಅಂದರೆ ಖಾಲಿ ಹಿನ್ನೆಲೆಯೊಂದೇ ಸುಮಾರು 117 ಎಂಬಿ. ಅದರ ಮೇಲೆ ನಾಲ್ಕೈದು ಫೋಟೋ, ಅವುಗಳ ಮಾಸ್ಕ್, ನೆರಳು, ಹೂಬಳ್ಳಿ, ಹೆಸರು ಕೂಡಿದರೆ ಶೀಟ್ ಒಂದು ಜಿಬಿ ದಾಟುವುದು ದೊಡ್ಡ ಮಾತಲ್ಲ.

ಅಂದಿನ 32 ಬಿಟ್‌ನ ವಿಂಡೋಸ್ ಎಕ್ಸ್‌ಪಿಗೆ ನಾಲ್ಕು ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸಲು ಬರುತ್ತಿರಲಿಲ್ಲ. ಒಂದೊಂದು ಪ್ರೋಗ್ರಾಮಿಗೆ ಸಿಗುತ್ತಿದ್ದುದು ಇನ್ನೂ ಕಡಿಮೆ. ರ‍್ಯಾಮ್ ಸಾಲದಾದಾಗ ಫೋಟೋಶಾಪ್ ಹಾರ್ಡ್ ಡಿಸ್ಕನ್ನೇ ಚಿತ್ತುಹಾಳೆಯಾಗಿ ಬಳಸುತ್ತದೆ. ಅದೂ ತುಂಬಿದಾಗ ‘ಸ್ಕ್ರ್ಯಾಚ್ ಡಿಸ್ಕ್ ಫುಲ್’ ಎಂದು ಕೈ ಎತ್ತುತ್ತದೆ. ಆ ಸಂದೇಶ ಕಾಣದ ಡಿಸೈನರ್ ಸಿಗುವುದು ಅಪರೂಪ. 2008ರ ಸಿಎಸ್4ರಲ್ಲಿ ವಿಂಡೋಸ್‌ಗೆ 64 ಬಿಟ್ ಫೋಟೋಶಾಪ್ ಬಂದ ಮೇಲೆ ಈ ಗೋಡೆ ಬಿತ್ತು. ಆಮೇಲೆ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ, ಎನ್‌ವಿಎಂಇ ಅದರ ಎಷ್ಟೋ ಪಟ್ಟು. ಹಳೆಯ ಸಿಸ್ಟಮ್‌ಗೆ ಎಸ್‌ಎಸ್‌ಡಿ ಹಾಕಿಸಿದವರಿಗೆ ಹೊಸದೇ ತಂದಷ್ಟು ವ್ಯತ್ಯಾಸ ಕಂಡಿತು.

ಲ್ಯಾಪ್‌ಟಾಪ್‌ಗೂ ಬಾಗಿಲು ತೆರೆದದ್ದು ಇದೇ ಎರಡು ಬದಲಾವಣೆ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಇಂದು ಆಲ್ಬಮ್ ಶೀಟನ್ನು ತಡವರಿಸದೆ ತೆರೆಯುತ್ತದೆ. 2020ರ ನವೆಂಬರ್‌ನಲ್ಲಿ ಆಪಲ್ ತನ್ನ ಎಂ1 ಚಿಪ್‌ನಿಂದ, ಫ್ಯಾನೇ ಇಲ್ಲದ ತೆಳು ಲ್ಯಾಪ್‌ಟಾಪ್ ಕೂಡ ಗಟ್ಟಿ ಎಡಿಟಿಂಗ್ ಮಾಡಬಲ್ಲದೆಂದು ತೋರಿಸಿತು.

ಕೆಲಸವೇ ಸ್ಥಳ ಬದಲಿಸಿದಾಗ

ಈ ನಡುವೆ ಗಿರಾಕಿಯೂ ಬದಲಾದ. ಆಲ್ಬಮ್‌ಗಾಗಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇರುವವರೂ, ಅಕ್ಕಿಕಾಳು ಬಿದ್ದ ಗಳಿಗೆಯಲ್ಲೇ ಸ್ಟೇಟಸ್‌ಗೆ ನಾಲ್ಕು ಫೋಟೋ ಕೇಳುತ್ತಾರೆ. ಪತ್ರಿಕೆಯವರ ಪಾಡು ಇನ್ನೂ ಅವಸರದ್ದು. 1824ರ ಕಿತ್ತೂರು ವಿಜಯಕ್ಕೆ 200 ವರ್ಷ ತುಂಬಿದ 2024ರ ಉತ್ಸವದಂಥ ಸಂದರ್ಭದಲ್ಲಿ ಫೋಟೋ ರಾತ್ರಿಯೊಳಗೆ ಪುಟ ಸೇರಬೇಕು. ಊರಿಗೆ ಮರಳಿ ಸಿಸ್ಟಮ್ ಹಾಕುವಷ್ಟು ವ್ಯವಧಾನವಿಲ್ಲ. ಜಾತ್ರೆಯಲ್ಲಿ ನಿಂತ ಜಾಗದಲ್ಲೇ ಪ್ರಿಂಟ್ ಕೊಡುವವರಿಗೂ ಅಷ್ಟೇ. ಇಂಥವರಿಗೆ ಲ್ಯಾಪ್‌ಟಾಪ್ ಬಿಟ್ಟರೆ ಗತಿಯಿಲ್ಲ.

ಆದರೆ ಒಂದು ಎಚ್ಚರ. ಎರಡೂ ಬಗೆಯ ಯಂತ್ರಗಳ ಮೇಲೆ ಒಂದೇ ಹೆಸರು ಇದ್ದ ಮಾತ್ರಕ್ಕೆ ಒಳಗಿನ ಸರಕು ಒಂದೇ ಅಲ್ಲ. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 4070 ಕಾರ್ಡ್‌ಗೆ 12 ಜಿಬಿ ಮೆಮೊರಿ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ಗೆ 8 ಜಿಬಿ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ 65 ವ್ಯಾಟ್ ಲೆಕ್ಕದ್ದಾದರೆ ತೆಳು ಲ್ಯಾಪ್‌ಟಾಪ್‌ನದು 15 ವ್ಯಾಟ್. ಹತ್ತು ಫೋಟೋ ತಿದ್ದುವಾಗ ಈ ಅಂತರ ಗೊತ್ತಾಗದು. ಮೂರು ಸಾವಿರ ಫೋಟೋ ಎಕ್ಸ್‌ಪೋರ್ಟ್ ಮಾಡುವಾಗ, ಅದೂ ವೈಶಾಖದ ಬಿಸಿಲಲ್ಲಿ, ಕಾವೇರಿದ ಲ್ಯಾಪ್‌ಟಾಪ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ನಮ್ಮಲ್ಲಿ ಲಗ್ನದ ಸುಗ್ಗಿಯೂ ಅದೇ ಬೇಸಿಗೆಯಲ್ಲಿ.

ಭಂಡಾರದ ಹಳದಿ

ವೇಗಕ್ಕಿಂತ ಹೆಚ್ಚು ಆಲ್ಬಮ್‌ಗಳನ್ನು ಕೆಡಿಸಿದ್ದು ಪರದೆ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿರುತ್ತದೆ. ಲ್ಯಾಬ್‌ಗಳು ಸಾಮಾನ್ಯವಾಗಿ ಕೇಳುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟೂ ಆ ಪರದೆಗೆ ತೋರಿಸಲಾಗದು ಎಂಬುದು ಅದರ ಅರ್ಥ.

ಯಲ್ಲಮ್ಮನ ಗುಡ್ಡದ ಫೋಟೋವನ್ನೇ ತಗೊಳ್ಳಿ. ಹಣೆತುಂಬ ಭಂಡಾರ, ಗಾಳಿಯಲ್ಲಿ ಭಂಡಾರ. ಗಾಢ ಹಳದಿಯಲ್ಲಿ ಕೆಂಪು, ಹಸಿರು ತುತ್ತತುದಿಯಲ್ಲಿದ್ದು ನೀಲಿ ತಳ ಕಂಡಿರುತ್ತದೆ. ಅಗ್ಗದ ಪರದೆ ಇದನ್ನು ಪೇಲವವಾಗಿ ತೋರಿಸುತ್ತದೆ; ಎಡಿಟರ್ ಸ್ಯಾಚುರೇಷನ್ ಏರಿಸುತ್ತಾನೆ; ಪ್ರಿಂಟ್ ಬಂದಾಗ ಪುಡಿಯ ಕಣಕಣ ಮಾಯವಾಗಿ ಹಣೆಗೆ ಆಯಿಲ್ ಪೇಂಟ್ ಬಳಿದಂತಿರುತ್ತದೆ. ಅರಿಶಿನ ಹಚ್ಚುವ ಫೋಟೋಗಳಲ್ಲಿ, ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಇದೇ ಕತೆ.

ಇನ್ನೊಂದು ದೂರು ‘ಪ್ರಿಂಟ್ ಕಪ್ಪಗೆ ಬಂದಿದೆ’ ಎಂಬುದು. ಬೈಸಿಕೊಳ್ಳುವವರು ಲ್ಯಾಬಿನವರು. ಬಹಳ ಸಲ ಕಾರಣ, ಪರದೆಯ ಬೆಳಕನ್ನು ಪೂರ್ತಿ ಏರಿಸಿಟ್ಟು ತಿದ್ದಿದ್ದು. ಹಗಲು ಬಾಗಿಲಲ್ಲಿ, ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಜಾಗ ಬದಲಿಸುತ್ತ ಕೂರುವ ಲ್ಯಾಪ್‌ಟಾಪ್‌ಗೆ ಇದು ಹೆಚ್ಚು. ಒಂದೇ ಗೋಡೆ, ಒಂದೇ ಬೆಳಕಿನಲ್ಲಿ ನಿಂತ ಮಾನಿಟರ್ ಬಣ್ಣದ ಮಟ್ಟಿಗೆ ಇಂದಿಗೂ ಮೇಲು. ಬಿಡಿಭಾಗಗಳಿಗೆ ಹಾಕುವ ದುಡ್ಡಿನಲ್ಲಿ ಒಂದಿಷ್ಟು ಉಳಿಸಿ, ನೂರಕ್ಕೆ ನೂರರ ಹತ್ತಿರ ಎಸ್‌ಆರ್‌ಜಿಬಿ ತೋರಿಸುವ ಐಪಿಎಸ್ ಮಾನಿಟರ್ ತಂದರೆ ಆಲ್ಬಮ್‌ನಲ್ಲಿ ಫಲ ಕಾಣುತ್ತದೆ.

ಕರೆಂಟ್, ಧೂಳು, ನೀರು

ಮಹಾನಗರದ ಸಲಹೆಗಳಲ್ಲಿ ಈ ಮೂರು ಬರುವುದಿಲ್ಲ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ. ಸಣ್ಣ ಯುಪಿಎಸ್ ಸಿಸ್ಟಮ್‌ಗೆ ಕೊಡುವುದು ಫೈಲ್ ಸೇವ್ ಮಾಡಿ ಮುಚ್ಚುವಷ್ಟು ಅವಕಾಶ ಮಾತ್ರ. ಡೆಸ್ಕ್‌ಟಾಪ್ ಕೊಳ್ಳುವವರು ಯುಪಿಎಸ್ ಅಥವಾ ಇನ್ವರ್ಟರ್ ಬೆಲೆಯನ್ನೂ ಅದರದೇ ಲೆಕ್ಕಕ್ಕೆ ಸೇರಿಸಬೇಕು.

ಎರೆಭೂಮಿಯ ಧೂಳು ಎರಡನ್ನೂ ಬಿಡದು. ಆದರೆ ಸಿಸ್ಟಮ್‌ನ ಮುಚ್ಚಳ ತೆಗೆದು ಬ್ಲೋವರ್ ಹಿಡಿಯುವುದು ಐದು ನಿಮಿಷದ ಕೆಲಸ. ರಿಪೇರಿಯೂ ಹಾಗೆಯೇ. ಎಸ್‌ಎಂಪಿಎಸ್ ಸುಟ್ಟರೆ ಊರಲ್ಲೇ ಬದಲಿಸಬಹುದು. ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಕೈಕೊಟ್ಟರೆ ದೊಡ್ಡ ಊರಿನ ಸರ್ವಿಸ್ ಸೆಂಟರ್‌ಗೆ ಅಲೆಯಬೇಕು. ಬೆಳಗಾವಿಯಿಂದ ನೂರು ಕಿ.ಮೀ. ಆಸುಪಾಸಿನ ರಾಮದುರ್ಗಕ್ಕೆ ಇದು ಸಣ್ಣ ಸಂಗತಿಯಲ್ಲ. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುವುದರಿಂದ ಆಮೇಲೆ ಹೆಚ್ಚಿಸುವ ದಾರಿಯೂ ಇಲ್ಲ.

ನೀರಿನ ಪಾಠ ಕಲಿಸಿದ್ದು 2019ರ ಆಗಸ್ಟ್. ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿಗಳ ಮನೆ-ಅಂಗಡಿಗಳಿಗೆ ನುಗ್ಗಿದಳು. ಅಂಥ ಹೊತ್ತಿನಲ್ಲಿ ಕಂಕುಳಲ್ಲಿ ಎತ್ತಿಕೊಂಡು ಹೊರಡಲು ಲ್ಯಾಪ್‌ಟಾಪ್ ಅನುಕೂಲ, ನಿಜ. ಆದರೆ ಫೋಟೋ ಉಳಿಸುವುದು ಯಂತ್ರದ ಆಕಾರ ಅಲ್ಲ, ಪ್ರತಿಗಳು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಕ್ಲೌಡ್‌ನಲ್ಲಿ. ಒಂದು ಲಗ್ನದ ಮೂರು ಸಾವಿರ ರಾ ಫೈಲ್‌ಗಳು ತಲಾ 25 ಎಂಬಿಯಂತೆ 75 ಜಿಬಿ ಆಗುತ್ತವೆ. ಹೊರಗಿನ ಹಾರ್ಡ್ ಡಿಸ್ಕ್ ಎರಡೂ ಬಗೆಯವರಿಗೆ ಬೇಕೇ ಬೇಕು.

ಎಐ ತಂದ ಹೊಸ ಕವಲು

2023ರಲ್ಲಿ ಎರಡು ಸೌಲಭ್ಯಗಳು ಬಂದವು. ಲೈಟ್‌ರೂಮ್‌ನ ಎಐ ಡಿನಾಯ್ಸ್, ರಾತ್ರಿ ತೆಗೆದ ಫೋಟೋಗಳ ಕಾಳುಕಾಳು ತೆಗೆಯುತ್ತದೆ. ಕೆಲಸವೆಲ್ಲ ನಮ್ಮದೇ ಗ್ರಾಫಿಕ್ಸ್ ಕಾರ್ಡ್ ಮೇಲೆ. ಒಳ್ಳೆಯ ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೋಗೂ ನಿಮಿಷಗಟ್ಟಲೆ ಕಾಯಬೇಕು. ಫೋಟೋಶಾಪ್‌ನ ಜನರೇಟಿವ್ ಫಿಲ್ ಇದಕ್ಕೆ ವಿರುದ್ಧ: ಅದು ನಡೆಯುವುದು ಅಡೋಬಿಯ ಸರ್ವರ್‌ನಲ್ಲಿ, ನಮಗೆ ಬೇಕಾದದ್ದು ಕಾರ್ಡ್‌ಗಿಂತ ಒಳ್ಳೆಯ ಇಂಟರ್‌ನೆಟ್. ರಾತ್ರಿ ಜಾತ್ರೆ, ಆರತಕ್ಷತೆಗಳೇ ಹೆಚ್ಚಿದ್ದರೆ ಕಾರ್ಡ್‌ಗೆ ದುಡ್ಡು ಹಾಕಿ. ಮಂಟಪದ ಹಿಂದಿನ ಕುರ್ಚಿ-ವೈರು ಅಳಿಸುವುದೇ ಕೆಲಸವಾದರೆ ಫೈಬರ್ ಲೈನ್‌ಗೆ.

ಆಫೀಸುಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಕೊಳ್ಳುವವರು ಒಂದು ಮಾತು ನೆನಪಿಡಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ.

ಹಾಗಾದರೆ ಯಾವುದು?

ಪಾಸ್‌ಪೋರ್ಟ್ ಫೋಟೋ, ಅರ್ಜಿಗಳ ಕೆಲಸವೇ ಮುಖ್ಯವಾದರೆ ಯಾವುದೂ ಸಾಕು. ನಾಲ್ಕು-ಆರು ಇಂಚಿನ ಹಾಳೆಯಲ್ಲಿ ಎಂಟು ಫೋಟೋ ಕೂಡಿಸಲು ಶಕ್ತಿ ಬೇಕಿಲ್ಲ. ಅಂಗಡಿಯಲ್ಲೇ ಆಲ್ಬಮ್ ಮಾಡುವವರಿಗೆ ಡೆಸ್ಕ್‌ಟಾಪೇ ಸರಿ: 32 ಜಿಬಿ ರ‍್ಯಾಮ್, ಎನ್‌ವಿಎಂಇ, ಮಧ್ಯಮ ಕಾರ್ಡ್, ಒಳ್ಳೆಯ ಮಾನಿಟರ್, ಯುಪಿಎಸ್. ಸುದ್ದಿ, ಜಾತ್ರೆ, ಅಂದಂದೇ ಫೋಟೋ ಕೊಡುವ ಲಗ್ನಗಳಿಗೆ ಓಡಾಡುವವರಿಗೆ ಲ್ಯಾಪ್‌ಟಾಪ್. ಒಬ್ಬರೇ ಎರಡನ್ನೂ ನಿಭಾಯಿಸುವಂತಿದ್ದರೆ ರ‍್ಯಾಮ್ ಹೆಚ್ಚಿಸಲು ಬರುವ ಲ್ಯಾಪ್‌ಟಾಪ್ ಕೊಂಡು, ಮನೆಯಲ್ಲಿ ಅದಕ್ಕೊಂದು ಐಪಿಎಸ್ ಮಾನಿಟರ್ ಜೋಡಿಸಿ. ಪ್ರಿಂಟ್‌ಗೆ ಹೋಗುವ ಫೈಲನ್ನು ಆ ಮಾನಿಟರ್ ಮೇಲೆ ನೋಡದೆ ಲ್ಯಾಬ್‌ಗೆ ಕಳಿಸಬೇಡಿ.

ಖರೀದಿಗೆ ಹೊರಡುವಾಗ ನಿಮಗೆ ಒಪ್ಪಿಗೆಯಾದ ಒಂದು ಪ್ರಿಂಟನ್ನೂ ಅದೇ ಫೋಟೋದ ಫೈಲನ್ನೂ ಜೊತೆಗೆ ಒಯ್ಯಿರಿ. ಅಂಗಡಿಯ ಪರದೆಯ ಮೇಲೆ ಫೈಲ್ ತೆರೆದು ಪಕ್ಕದಲ್ಲಿ ಪ್ರಿಂಟ್ ಹಿಡಿಯಿರಿ. ಬಣ್ಣ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ, ಮಾರುವವರು ಎಷ್ಟೇ ಜಿಬಿ ಹೇಳಿದರೂ, ಮುಂದಿನ ಅಂಗಡಿಗೆ ನಡೆಯಿರಿ.