ಕೊನೆಗಾಲದ ಮಾತು ಯಾರದು?

ಪಡುಬಿದ್ರಿಯಿಂದ ಮೂಡಣಕ್ಕೆ ಹೊರಳಿದ ರಸ್ತೆ ಕಾರ್ಕಳಕ್ಕೆ ಹೋಗುತ್ತದೆ. ಬಡಗಣ ಹೆದ್ದಾರಿ ಉಡುಪಿಯನ್ನು ಮುಟ್ಟಿಸುತ್ತದೆ, ಅಲ್ಲಿಂದ ಮಣಿಪಾಲದ ಏರು. ಒಂದೆಡೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿ. ಇನ್ನೊಂದೆಡೆ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ತೆರೆದ ವೈದ್ಯಕೀಯ ಕಾಲೇಜು. ಮರಣವನ್ನು ಕುರಿತ ಎರಡು ನೋಟಗಳು ಈ ದಾರಿಗಳ ತುದಿಯಲ್ಲಿವೆಯೆಂದರೆ ಅತಿಶಯವಾಗದು.

ಸಾವನ್ನು ಅರಿತು ಎದುರುಗೊಳ್ಳುವುದು ಕನ್ನಡನಾಡಿಗೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳಲ್ಲಿ ನೋಂತು ಮುಡಿಪಿದವರ ಹೆಸರುಗಳು ಸಾಲುಗಟ್ಟಿವೆ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ವಡಿ ಇಂದ್ರನು 982ರಲ್ಲಿ ಅಲ್ಲಿಯೇ ಸಲ್ಲೇಖನದಿಂದ ದೇಹ ಬಿಟ್ಟನು. ಆದರೆ ಅದು ವ್ರತ. ಎಚ್ಚರವಿದ್ದವನು ಮಾತ್ರ ಕೈಗೊಳ್ಳತಕ್ಕದ್ದು. ನುಡಿಯಲಾರದೆ ಆಸ್ಪತ್ರೆಯಲ್ಲಿ ಮಲಗಿದವರ ಪ್ರಶ್ನೆ ಬೇರೆ. ಅದನ್ನು ದೇಶದ ಮುಂದಿರಿಸಿದ ಪ್ರಕರಣ ನಮ್ಮದೇ ಕರಾವಳಿಯ ಹೆಣ್ಣುಮಗಳೊಬ್ಬಳದು.

ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬನು ನಾಯಿಯ ಸರಪಳಿಯಿಂದ ಅವರ ಕೊರಳು ಬಿಗಿದು ಅತ್ಯಾಚಾರವೆಸಗಿದನು. ಮೆದುಳಿಗೆ ಪ್ರಾಣವಾಯು ತಪ್ಪಿ, ಆಕೆ ಮತ್ತೆ ಮೊದಲಿನಂತಾಗಲಿಲ್ಲ. ಇನ್ನು ಸಾಕು, ಆಹಾರ ನಿಲ್ಲಿಸಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ವರ್ಷಾನುಗಟ್ಟಲೆ ತುತ್ತುಣಿಸಿದ ದಾದಿಯರು ಕೂಡದೆಂದರು. 2011ರ ಮಾರ್ಚ್ 7ರಂದು ಕೋರ್ಟು ದಾದಿಯರ ಮಾತನ್ನೇ ಮನ್ನಿಸಿತು. ಜೊತೆಗೆ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದೂ ಸಾರಿತು. ಎರಡು ಕಡೆಯ ಕರುಣೆಯೂ ನಿಜವೇ. ಆದರೆ ಅರುಣಾ ಏನು ಬಯಸುತ್ತಿದ್ದರು? ಅದಕ್ಕೆ ಒಂದು ಚೀಟಿಯ ಸಾಕ್ಷ್ಯವೂ ಇರಲಿಲ್ಲ. 2015ರ ಮೇ 18ರಂದು ಅವರು ನ್ಯುಮೋನಿಯಾದಿಂದ ತೀರಿಕೊಂಡರು.

ಆ ಚೀಟಿಗೆ ಬೆಲೆ ಬಂದದ್ದು 2018ರ ಮಾರ್ಚ್ 9ರ ತೀರ್ಪಿನಿಂದ. ಘನತೆಯ ಮರಣವೂ ಬದುಕುವ ಹಕ್ಕಿನೊಳಗಿನದೆಂದು ಸಂವಿಧಾನಪೀಠ ಹೇಳಿತು. ಮುಂಚಿತವಾಗಿ ಇಚ್ಛಾಪತ್ರ ಬರೆದಿಡಲು ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಕಟ್ಟಳೆಯನ್ನು ಹೇರಿ, ಕೊಟ್ಟದ್ದನ್ನು ಅರ್ಧ ಕಸಿದುಕೊಂಡಿತೆನ್ನಬೇಕು. 2023ರ ಜನವರಿ 24ರಂದು ಅದು ಸಡಿಲಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದನ್ನನುಸರಿಸಿ 2025ರ ಜನವರಿ 30ರಂದು ಕರ್ನಾಟಕ ಸರಕಾರ ಆಜ್ಞೆ ಹೊರಡಿಸಿತು. ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ಮೊದಲು ಪರಿಶೀಲಿಸಬೇಕು. ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ವೈದ್ಯರಿರುವ ಎರಡನೆಯ ಮಂಡಳಿ ಅದನ್ನು ಒಪ್ಪಬೇಕು. ವಿಷದ ಸೂಜಿಗೆ ಇಲ್ಲಿ ಎಡೆಯಿಲ್ಲ. ನೋವು ತಣಿಸುವ ಆರೈಕೆ ನಿಲ್ಲುವುದೂ ಇಲ್ಲ.

ನಮ್ಮ ಮನೆಗಳಲ್ಲಿ ಈ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎನ್ನುವವರೇ ಹೆಚ್ಚು. ಹೀಗಾಗಿ ತುರ್ತು ಚಿಕಿತ್ಸಾ ಘಟಕದ ಬಾಗಿಲಲ್ಲಿ, ತಂದೆಯ ಮನಸ್ಸನ್ನು ಎಂದೂ ಕೇಳದ ಮಕ್ಕಳು ಸಹಿ ಹಾಕಬೇಕಾಗುತ್ತದೆ. ಇಚ್ಛಾಪತ್ರ ಬರೆದವರು ಬೇಕೆಂದಾಗ ಅದನ್ನು ರದ್ದುಪಡಿಸಬಹುದು. ನಿರ್ಧರಿಸುವ ಶಕ್ತಿ ಉಳಿದಿರುವವರೆಗೆ ಆ ಕಾಗದಕ್ಕೆ ಕೆಲಸವೇ ಇಲ್ಲ. ವೈದ್ಯರು ರೋಗಿಯನ್ನೇ ಕೇಳತಕ್ಕದ್ದು.