ಖಾತ್ರಿಯಿಲ್ಲದೆ ಅನುಮತಿ ಕೇಳಿದ ಪಾದ್ರಿ: ‘ದಿ ಎಕ್ಸಾರ್ಸಿಸ್ಟ್’ನಲ್ಲಿ ಸಂಶಯದ ಸ್ಥಾನ

ವಿಲಿಯಂ ಪೀಟರ್ ಬ್ಲಾಟಿಯವರ ಕಾದಂಬರಿ ‘ದಿ ಎಕ್ಸಾರ್ಸಿಸ್ಟ್’ (1971) ಮತ್ತು ಅದನ್ನು ಆಧರಿಸಿ ವಿಲಿಯಂ ಫ್ರೀಡ್‌ಕಿನ್ ನಿರ್ದೇಶಿಸಿದ ಚಲನಚಿತ್ರ (1973), ಎರಡನ್ನೂ ವೈದ್ಯ ಸೋತು ಪಾದ್ರಿ ಗೆದ್ದ ಕಥೆಯೆಂದು ಓದುವುದು ರೂಢಿ. ಹನ್ನೆರಡರ ಬಾಲಕಿ ರೇಗನ್‌ಗೆ ದೆವ್ವ ಹಿಡಿಯುತ್ತದೆ, ತಜ್ಞರು ಕೈಚೆಲ್ಲುತ್ತಾರೆ, ಕೊನೆಗೆ ಉಚ್ಚಾಟನೆ ನಡೆಯುತ್ತದೆ. ಆದರೆ ಕೃತಿಯ ನಿಜವಾದ ಸಂಘರ್ಷ ವಿಜ್ಞಾನಕ್ಕೂ ಧರ್ಮಕ್ಕೂ ನಡುವಿನದಲ್ಲ. ಅದು ನಂಬಿಕೆಯ ಒಳಗೇ ನಡೆಯುವಂಥದ್ದು. ಸಂಶಯ ನೀಗಿದ ಮೇಲೆ ನಂಬಿಕೆ ಹುಟ್ಟಿತೆಂದು ಈ ಕಥೆ ಹೇಳುವುದಿಲ್ಲ. ಸಂಶಯ ಉಳಿದಿರುವಾಗಲೇ ಕೈಗೊಂಡ ಕ್ರಿಯೆಯನ್ನು ಅದು ನಂಬಿಕೆಯೆಂದು ಕರೆಯುತ್ತದೆ ಎಂಬುದು ಈ ಲೇಖನದ ವಾದ.

ಕೃತಿಯ ಕಾಲಸಂದರ್ಭ ಇಲ್ಲಿ ಮುಖ್ಯ. 1949ರಲ್ಲಿ ಮೇರಿಲ್ಯಾಂಡಿನ ಬಾಲಕನೊಬ್ಬನ ಮೇಲೆ ನಡೆದ ಉಚ್ಚಾಟನೆಯ ಪತ್ರಿಕಾ ವರದಿಯನ್ನು ಬ್ಲಾಟಿ ಓದಿದ್ದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ. ಕಾದಂಬರಿ ಹೊರಬರುವ ಹೊತ್ತಿಗೆ ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಮುಗಿದು ಕೆಲವೇ ವರ್ಷಗಳಾಗಿದ್ದವು. ಸೈತಾನನನ್ನು ಕೇವಲ ಸಂಕೇತವೆಂದು ಓದುವ ಒಲವು ದೇವತಾಶಾಸ್ತ್ರಜ್ಞರಲ್ಲೂ ಕಾಣಿಸಿಕೊಂಡಿತ್ತು. ಆರನೆಯ ಪೋಪ್ ಪೌಲರು 1972ರ ನವೆಂಬರಿನಲ್ಲಿ, ಸೈತಾನ ನಿಜವಾಗಿಯೂ ಇದ್ದಾನೆಂದು ಒತ್ತಿ ಹೇಳಬೇಕಾಗಿ ಬಂತು. ಕಥಾನಾಯಕ ಡೇಮಿಯನ್ ಕಾರಸ್ ಈ ಕಾಲದ ಕೂಸು. ಆತ ಯೇಸು ಸಭೆಯ ಪಾದ್ರಿ, ಜೊತೆಗೆ ಮನೋವೈದ್ಯ. ತಾಯಿಯನ್ನು ಒಂಟಿಯಾಗಿ ಸಾಯಲು ಬಿಟ್ಟೆನೆಂಬ ಪಾಪಪ್ರಜ್ಞೆ ಅವನನ್ನು ಕೊರೆಯುತ್ತಿದೆ. ನಂಬಿಕೆ ಕಳೆದುಕೊಂಡಿದ್ದೇನೆಂದು ಅವನೇ ಹೇಳಿಕೊಳ್ಳುತ್ತಾನೆ.

ಸಂಶಯ ಇವನೊಬ್ಬನ ಸ್ವಭಾವವಷ್ಟೇ ಅಲ್ಲ, ವಿಧಿಯ ಬೇಡಿಕೆಯೂ ಹೌದು. 1614ರ ರೋಮನ್ ವಿಧಿಗ್ರಂಥ, ಯಾರಿಗಾದರೂ ದೆವ್ವ ಹಿಡಿದಿದೆಯೆಂದು ಸುಲಭಕ್ಕೆ ನಂಬಬಾರದೆಂದು ಪಾದ್ರಿಯನ್ನು ಎಚ್ಚರಿಸುತ್ತದೆ. ಕಲಿಯದ ಭಾಷೆಯನ್ನಾಡುವುದು, ದೂರದ ಅಥವಾ ಗುಪ್ತ ಸಂಗತಿಗಳನ್ನು ತಿಳಿದಿರುವುದು, ವಯಸ್ಸಿಗೆ ಮೀರಿದ ಬಲ ತೋರುವುದು: ಇವೇ ಅದು ಕೊಡುವ ಮುಖ್ಯ ಲಕ್ಷಣಗಳು. ಕಾರಸ್ ಈ ಪಟ್ಟಿಯನ್ನು ಹಿಡಿದೇ ರೇಗನ್‌ಳ ಕೋಣೆಗೆ ಹೋಗುತ್ತಾನೆ.

ಅವನ ಪರೀಕ್ಷೆಗಳನ್ನು ಹತ್ತಿರದಿಂದ ನೋಡಬೇಕು. ಪವಿತ್ರ ಜಲವೆಂದು ಹೇಳಿ ಅವನು ರೇಗನ್ ಮೇಲೆ ನೀರು ಚಿಮುಕಿಸುತ್ತಾನೆ. ಅವಳು ಉರಿ ಉರಿ ಎಂದು ಚೀರಾಡುತ್ತಾಳೆ. ನಿಜಕ್ಕೂ ಅದು ನಲ್ಲಿ ನೀರು. ಇದು ದೆವ್ವದ ವಾದಕ್ಕೆ ಬಲ ಕೊಡದೆಂದು ಅವನೇ ರೇಗನ್‌ಳ ತಾಯಿ ಕ್ರಿಸ್‌ಗೆ ತಿಳಿಸುತ್ತಾನೆ. ಧ್ವನಿಮುದ್ರಿಕೆಯಲ್ಲಿ ಕೇಳಿದ ಅಪರಿಚಿತ ಭಾಷೆ, ತಿರುವುಮುರುವಾಗಿ ಆಡಿದ ಇಂಗ್ಲಿಷೆಂದು ಗೊತ್ತಾಗುತ್ತದೆ. ನಿನ್ನ ತಾಯಿ ಇಲ್ಲೇ ನಮ್ಮೊಡನಿದ್ದಾಳೆ ಎಂದು ಅಣಕಿಸುವ ದನಿಗೆ ಅವನು ತಾಯಿಯ ತವರಿನ ಮನೆತನದ ಹೆಸರು ಕೇಳುತ್ತಾನೆ. ಉತ್ತರವಾಗಿ ಸಿಗುವುದು ಮುಖದ ಮೇಲೆ ವಾಂತಿ. ಆದರೆ ಸುರಂಗ ರೈಲುನಿಲ್ದಾಣದಲ್ಲಿ ಭಿಕ್ಷುಕನೊಬ್ಬ ಅವನನ್ನು ಬೇಡಿಕೊಂಡ ಮಾತು ಅದೇ ದನಿಯಲ್ಲಿ ರೇಗನ್‌ಳ ಬಾಯಿಂದ ಬಂದಿರುತ್ತದೆ. ಹೀಗೆ ಸಾಕ್ಷ್ಯ ಎರಡೂ ಕಡೆ ವಾಲುತ್ತಲೇ ಇರುತ್ತದೆ.

ಆ ನಂತರ ಕಾರಸ್ ಉಚ್ಚಾಟನೆಗೆ ಅನುಮತಿ ಕೇಳುವುದು ನಿರ್ಣಾಯಕ ಸನ್ನಿವೇಶ. ಪ್ರಕರಣ ನಿಜವೆಂದು ನಿನಗೆ ಖಾತ್ರಿಯಿದೆಯೇ ಎಂದು ಬಿಷಪ್ ಕೇಳಿದಾಗ ಕಾರಸ್, ಖಾತ್ರಿಯೇನೂ ಇಲ್ಲ, ಆದರೆ ವಿಧಿಗ್ರಂಥದ ಷರತ್ತುಗಳು ಪೂರೈಸಿವೆಯೆಂದು ವಿವೇಚಿಸಿದ್ದೇನೆ ಎಂಬರ್ಥದ ಉತ್ತರ ಕೊಡುತ್ತಾನೆ. ಅವನನ್ನು ಇಲ್ಲಿಗೆ ತಂದ ಒತ್ತಡ ಯಾವುದು? ರೇಗನ್‌ಳ ಹೊಟ್ಟೆಯ ಚರ್ಮದ ಮೇಲೆ ಸಹಾಯ ಬೇಡುವ ಅಕ್ಷರಗಳು ಎದ್ದಿದ್ದನ್ನು ಅವನು ಕಂಡಿದ್ದ. ದೆವ್ವದ ಇರವಿಗೆ ಅದು ಪುರಾವೆಯಾಗಲಿ ಬಿಡಲಿ, ಒಳಗೊಂದು ಮಗು ನರಳುತ್ತಿದೆ ಎಂಬುದಕ್ಕಂತೂ ಹೌದು.

ಇದಕ್ಕೊಂದು ಗಟ್ಟಿ ಆಕ್ಷೇಪವುಂಟು. ಕಾದಂಬರಿಯಲ್ಲಿ ವಿದ್ಯಮಾನಗಳಿಗೆ ದೂರಸಂವೇದನೆ, ಮನೋಬಲ ಮುಂತಾದ ಪರ್ಯಾಯ ವಿವರಣೆಗಳಿಗೆ ಜಾಗವಿದೆ. ಚಿತ್ರದಲ್ಲಾದರೋ ಕ್ಯಾಮೆರಾ ಎಲ್ಲವನ್ನೂ ಕಣ್ಣಾರೆ ತೋರಿಸುತ್ತದೆ. ಕುಲುಕುವ ಮಂಚವನ್ನೂ ಹಿಂದಕ್ಕೆ ತಿರುಗುವ ತಲೆಯನ್ನೂ ಕಂಡ ಪ್ರೇಕ್ಷಕನಿಗೆ ಸಂಶಯವೆಲ್ಲಿಯದು? ಆಕ್ಷೇಪ ಸರಿಯೇ. ಆದರೆ ಅದರಿಂದ ಸಂಶಯ ಅಳಿಯುವುದಿಲ್ಲ, ಅದರ ವಿಷಯ ಬದಲಾಗುತ್ತದೆ. ದೆವ್ವ ಇದೆಯೇ ಎಂಬ ಪ್ರಶ್ನೆ ಹಿಂದೆ ಸರಿದು, ಇಷ್ಟು ವಿಕಾರಕ್ಕಿಳಿದ ಮನುಷ್ಯಜೀವ ದೇವರ ಪ್ರೀತಿಗೆ ಅರ್ಹವೇ ಎಂಬುದು ಮುಂದೆ ಬರುತ್ತದೆ. ದಾಳಿಯ ಗುರಿ ಮಗುವಲ್ಲ, ನೋಡುತ್ತಿರುವ ನಾವು. ನಮ್ಮನ್ನು ಹತಾಶೆಗೆ ತಳ್ಳುವುದೇ ಅದರ ಉದ್ದೇಶ ಎಂದು, ಉಚ್ಚಾಟನೆಗೆ ಬಂದ ಹಿರಿಯ ಪಾದ್ರಿ ಮೆರಿನ್ ವಿವರಿಸುವ ಸಂಭಾಷಣೆ 1973ರ ಆವೃತ್ತಿಯಲ್ಲಿ ಕತ್ತರಿಗೆ ಸಿಕ್ಕಿ, 2000ದ ಆವೃತ್ತಿಯಲ್ಲಿ ಮರಳಿ ಸೇರಿತು.

ಅಂತ್ಯವನ್ನು ಈ ಬೆಳಕಿನಲ್ಲಿಯೇ ಓದಬೇಕು. ಮೆರಿನ್ ಸತ್ತ ಮೇಲೆ ಕಾರಸ್ ವಿಧಿಯ ಪ್ರಾರ್ಥನೆಗಳನ್ನು ಮುಂದುವರಿಸುವುದಿಲ್ಲ. ಪೀಡೆ ತನ್ನೊಳಗೆ ಬರಲೆಂದು ಸವಾಲೆಸೆಯುತ್ತಾನೆ. ಅದು ಬಂದು, ಅವನದೇ ಕೈಗಳು ಮಗುವಿನತ್ತ ಚಾಚಿದಾಗ ಕಿಟಕಿಯಿಂದ ಹಾರಿಕೊಳ್ಳುತ್ತಾನೆ. ದೆವ್ವವೇ ಗೆದ್ದಿತೆಂದು ಹಲವು ಪ್ರೇಕ್ಷಕರು ಭಾವಿಸಿದ್ದು ಬ್ಲಾಟಿಯವರನ್ನು ಬಹುಕಾಲ ಕಾಡಿತು. ವಿಧಿಯ ಯಶಸ್ಸನ್ನು ಅಳೆಯ ಹೊರಟರೆ ಆ ತೀರ್ಮಾನ ಸಹಜವೇ, ಏಕೆಂದರೆ ಉಚ್ಚಾಟನೆ ಪೂರ್ಣಗೊಳ್ಳುವುದೇ ಇಲ್ಲ. ಆದರೆ ಕೃತಿಯ ಅಳತೆಗೋಲು ಬೇರೆ. ಯಾವ ಪರೀಕ್ಷೆಯೂ ಒದಗಿಸದ ಖಾತ್ರಿಗಾಗಿ ಕಾರಸ್ ಕಾಯಲಿಲ್ಲ. ಪರರ ಮಗುವಿಗಾಗಿ ಪ್ರಾಣ ಕೊಟ್ಟ. ಆ ಗಳಿಗೆಯಲ್ಲಿ ಅವನು ಏನನ್ನು ನಂಬಿದ್ದನೆಂದು ಕೃತಿ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಅದಕ್ಕೆ ಕಂಡಿಲ್ಲ.